ಬೂದಿದಿನ್ನೆಯ ಪಟರ್ ಮೋನಾಚಾರಿ

ಬಹಳ ಹಿಂದೆ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ಬೂದಿದಿನ್ನೆಯವರು ವರ್ಷ ಎಣಿಸಿದವರಲ್ಲ, ಗಣಿಯ ಕೂಗು ಎಣಿಸಿದವರು. ಬೆಳಿಗ್ಗೆ ಒಂದು ಕೂಗು, ಮಧ್ಯಾಹ್ನ ಒಂದು ಕೂಗು, ಸಂಜೆ ಒಂದು ಕೂಗು. ಆ ಕೂಗಿಗೇ ಜನ ಏಳುತ್ತಿದ್ದರು, ಉಣ್ಣುತ್ತಿದ್ದರು, ಮಲಗುತ್ತಿದ್ದರು. ಹುಂಜಗಳು ಕೂಡ ಗಣಿ ಕೂಗಿದ ಮೇಲೇ ಕೂಗುತ್ತಿದ್ದವಂತೆ. ಇದನ್ನೆಲ್ಲ ನನಗೆ ಹೇಳಿದವಳು ನಮ್ಮಜ್ಜಿ. ನಮ್ಮಜ್ಜಿ ಜನ್ಮದಲ್ಲಿ ಒಂದು ಸುಳ್ಳು ಹೇಳಿದವಳಲ್ಲ. ಅವಳಿಗೂ ನಿಮಗೂ ನಡುವೆ ನಾನೊಬ್ಬ ಇದ್ದೇನೆ, ಅಷ್ಟು ಮಾತ್ರ ನೋಡಿಕೊಳ್ಳಿ.

ಆ ಊರಲ್ಲಿ ಮೋನಾಚಾರಿ ಅಂತ ಒಬ್ಬ ಕಮ್ಮಾರನಿದ್ದ. ಬಂಡೆ ಕೊರೆದು ಕೊರೆದು ಮೊಂಡಾದ ಗಣಿಯ ಸಲಾಕೆಗಳನ್ನು ಕಾಯಿಸಿ, ಬಡಿದು, ಮತ್ತೆ ಮೊನೆ ಮಾಡಿ ಕೊಡುವುದು ಅವನ ಕೆಲಸ. ಹೊಟ್ಟೆ ತುಂಬಿದ್ದು ಆ ಸಲಾಕೆಯಿಂದ. ಹೆಸರು ಬಂದದ್ದು ಪಟರಿನಿಂದ.

ಪಟರ್ ಅಂದರೆ ಗೊತ್ತಲ್ಲ? ಗಣಿ ದೊರೆಗಳು ಊರಾಚೆಯ ದಿನ್ನೆಯ ಮೇಲೆ ಗಾಲ್ಫ್ ಆಡುತ್ತಿದ್ದರು. ನಿಂಬೆಹಣ್ಣಿನಷ್ಟು ಚೆಂಡು. ಅದನ್ನು ಕೋಲಿನಿಂದ ಬಾರಿಸುತ್ತಾ ಬಾರಿಸುತ್ತಾ ದೂರದ ಒಂದು ಕುಳಿಗೆ ಹಾಕಬೇಕು. ಯಾರು ಕಡಿಮೆ ಏಟಿಗೆ ಹಾಕುತ್ತಾರೋ ಅವರು ಗೆದ್ದರು. ಚೆಂಡನ್ನು ಹಾರಿಸಲಿಕ್ಕೆ ಹತ್ತಾರು ತರದ ಕೋಲು. ಕುಳಿಯ ಹತ್ತಿರ ಬಂದ ಮೇಲೆ ಮೆಲ್ಲಗೆ ಉರುಳಿಸಿ ಒಳಗೆ ಕಳಿಸಲಿಕ್ಕೆ ಒಂದೇ ಕೋಲು. ಅದು ಪಟರ್. ಮಿಕ್ಕ ಕೋಲೆಲ್ಲ ದಿಬ್ಬಣ ಇದ್ದ ಹಾಗೆ, ಪಟರ್ ತಾಳಿ ಕಟ್ಟುವ ಕೈ ಇದ್ದ ಹಾಗೆ ಅಂತ ಮೋನಾಚಾರಿ ಹೇಳುತ್ತಿದ್ದನಂತೆ.

ಬೇರೆ ಊರುಗಳಲ್ಲಿ ಕುಳಿಯ ಸುತ್ತ ಮೆತ್ತನೆಯ ಹುಲ್ಲು ಬೆಳೆಸುತ್ತಾರೆ. ಬೂದಿದಿನ್ನೆಯಲ್ಲಿ ಹುಲ್ಲೆಲ್ಲಿಂದ ಬರಬೇಕು? ಮೇಕೆಗಳೇ ಕಲ್ಲು ನೆಕ್ಕಿಕೊಂಡಿದ್ದ ಊರು. ಅದಕ್ಕೆ ಜರಡಿ ಹಿಡಿದ ಮರಳಿಗೆ ಎಂಜಿನ್ ಎಣ್ಣೆ ಕಲಸಿ, ರಾಗಿ ಬಡಿಯುವ ಕಣದ ಹಾಗೆ ದುಂಡಗೆ ಹರಡಿ, ನಡುವೆ ಕುಳಿ ತೋಡಿದ್ದರು. ಊರವರು ಅದಕ್ಕೆ ಎಣ್ಣೆಕಣ ಅನ್ನುತ್ತಿದ್ದರು. ಅಂಥ ಒಂಬತ್ತು ಕಣ.

ಎಣ್ಣೆಕಣದ ಮೇಲೆ ಕಾಲಿಟ್ಟರೆ ಹೆಜ್ಜೆ ಮೂಡುತ್ತಿತ್ತು. ಹೆಜ್ಜೆಯ ಗುಂಡಿಯಲ್ಲಿ ಚೆಂಡು ಎಲ್ಲಿಗೆಂದು ಹೋದೀತು? ಆದ್ದರಿಂದ ಪ್ರತಿ ಕಣದ ಪಕ್ಕದಲ್ಲೂ ಒಂದು ಎಳೆಪಟ್ಟಿ ಇಟ್ಟಿರುತ್ತಿದ್ದರು. ಒಂದು ಮೊಳ ಅಗಲದ ಕಬ್ಬಿಣದ ಪಟ್ಟಿ, ಅದಕ್ಕೆ ಎದೆಮಟ್ಟದ ಮರದ ಹಿಡಿ. ಆಟಗಾರನ ಚೀಲ ಹೊರುವವನು ಕುಳಿಯ ಹತ್ತಿರ ಪಟ್ಟಿ ಊರಿ, ಹಿಂದು ಹಿಂದಕ್ಕೆ ನಡೆಯುತ್ತಾ ಚೆಂಡಿನ ತನಕ ಎಳೆದುಕೊಂಡು ಬರುತ್ತಿದ್ದ. ಮರಳಿನ ಮೇಲೆ ನುಣ್ಣನೆಯ ಒಂದು ದಾರಿ ಬೀಳುತ್ತಿತ್ತು. ಅಷ್ಟು ಹೊತ್ತೂ ಆಟಗಾರ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿರುತ್ತಿದ್ದ. ದಾರಿ ಎಳೆಯುವವನು ಬೇರೆ, ದಾರಿಯಲ್ಲಿ ಚೆಂಡು ಬಿಡುವವನು ಬೇರೆ. ಅದು ಅಲ್ಲಿಯ ಮರ್ಯಾದೆ.

ಒಂದು ದಿನ ಒಬ್ಬ ದೊರೆ ಸಿಟ್ಟಿನಲ್ಲಿ ತನ್ನ ಪಟರನ್ನು ಬಂಡೆಗೆ ಬೀಸಿ ಕತ್ತು ಮುರಿದನಂತೆ. ಅದನ್ನು ಮೋನಾಚಾರಿಯ ಕುಲುಮೆಗೆ ಕಳಿಸಿದರು. ಮೋನಾಚಾರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಪ್ಪು ದೊರೆಯದಲ್ಲ, ಪಟರಿನದು ಅಂದನಂತೆ. ಇದು ಹುಲ್ಲಿಗೆ ಹುಟ್ಟಿದ ಪಟರ್, ನಮ್ಮ ಮರಳಿನಲ್ಲಿ ಚೆಂಡಿನ ತಲೆ ಅಮುಕುತ್ತದೆ ಅಂದನಂತೆ. ಕತ್ತು ಬೆಸೆದು, ಚೆಂಡಿಗೆ ತಾಗುವ ಮುಖವನ್ನು ಒಂದು ಎಳ್ಳಿನಷ್ಟು ಆಕಾಶಕ್ಕೆ ಎತ್ತಿ, ಬೆನ್ನಿಗೆ ಸೀಸ ಸುರಿದು ಕಳಿಸಿದ. ಮಾರನೇ ದಿನ ದೊರೆ ಮುಟ್ಟಿದ ಚೆಂಡೆಲ್ಲ ಕುಳಿಗೆ ಬಿತ್ತಂತೆ. ಮೂರನೇ ದಿನ ಕುಲುಮೆಯ ಮುಂದೆ ದೊರೆಗಳ ಸಾಲು.

ಅಲ್ಲಿಂದ ಶುರುವಾಯಿತು ನೋಡಿ.

ಮೋನಾಚಾರಿ ಯಾರಿಗೂ ಅಳತೆಪಟ್ಟಿ ಹಿಡಿದವನಲ್ಲವಂತೆ. ಬಂದವರಿಗೆ ಕುಲುಮೆಯ ಬಾಗಿಲು ತೆಗೆಯಲು ಹೇಳುತ್ತಿದ್ದ. ದೊಡ್ಡ ಬಾಗಿಲು, ಭಾರದ ಬಾಗಿಲು. ಕೆಲವರು ಎರಡೂ ಅಂಗೈ ಒತ್ತಿ ನೆಟ್ಟಗೆ ದೂಡುತ್ತಿದ್ದರು. ಕೆಲವರು ಅಂಚು ಹಿಡಿದು ಬಾಗಿಲಿನ ಜೊತೆ ತಾವೂ ತಿರುಗುತ್ತಿದ್ದರು. ದೂಡುವವನು ಚೆಂಡನ್ನೂ ನೆಟ್ಟಗೆ ದೂಡುತ್ತಾನೆ. ಅವನಿಗೆ ಒಂದು ತರದ ಪಟರ್. ಬೆರಳ ಮೇಲೆ ಅಡ್ಡ ಮಲಗಿಸಿದರೆ ಅದರ ಮುಖ ಆಕಾಶ ನೋಡುತ್ತಿತ್ತು. ತಿರುಗುವವನ ಕೈ ಬಾಗಿಲಿನ ಹಾಗೆ ತೆರೆದು ಮುಚ್ಚುತ್ತದೆ. ಅವನ ಪಟರ್ ಬೆರಳ ಮೇಲೆ ಮಲಗಿಸಿದರೆ ಮೂಗು ತೂಗಿ ನೆಲ ನೋಡುತ್ತಿತ್ತು. ಅದಾದ ಮೇಲೆ ಬಗ್ಗಿ ನಿಲ್ಲಲು ಹೇಳಿ, ಅವರ ಎರಡು ಕಣ್ಣಿನ ನಡುವೆ ಒಂದು ನಿಂಬೆಹಣ್ಣು ಹಿಡಿದು ಕೈ ಬಿಡುತ್ತಿದ್ದ. ಹಣ್ಣು ಚೆಂಡಿನ ಮೇಲೆ ಬಿದ್ದರೆ ಕೋಲಿನ ಉದ್ದ ಸರಿ. ಕಾಲಿನ ಮೇಲೆ ಬಿದ್ದರೆ ಉದ್ದ ಹೆಚ್ಚುಕಡಿಮೆ. ಕೊನೆಗೆ ಕಣ್ಣು ಮುಚ್ಚಿಕೊಂಡು ಕೂತು ಏಟಿನ ಸದ್ದು ಕೇಳುತ್ತಿದ್ದ. ಟಪ್ ಅಂದರೆ ಮತ್ತೆ ಕುಲುಮೆಗೆ. ಟೊಕ್ ಅಂದರೆ ಮನೆಗೆ.

ಆಡುವುದನ್ನೇ ಬಾಳು ಮಾಡಿಕೊಂಡ ಆಟಗಾರರು ದೂರದೂರದಿಂದ ಬರುತ್ತಿದ್ದರಂತೆ. ಕಲ್ಕತ್ತೆಯಿಂದ ಬಂದರಂತೆ, ಮದರಾಸಿನಿಂದ ಬಂದರಂತೆ, ಕಡಲಾಚೆಯಿಂದ ಒಬ್ಬ ಹದಿನೇಳು ಪಟರನ್ನು ಒಂಟೆಯ ಮೇಲೆ ಹೇರಿಕೊಂಡು ಬಂದನಂತೆ. ಬೂದಿದಿನ್ನೆಗೆ ಒಂಟೆ ಹೇಗೆ ಬಂತು ಅಂತ ನಾನೂ ಅಜ್ಜಿಯನ್ನು ಕೇಳಿದೆ. ನಡೆದುಕೊಂಡು ಅಂದಳು. ಆ ಹದಿನೇಳನ್ನೂ ಮೋನಾಚಾರಿ ಒಂದೊಂದಾಗಿ ಬೆರಳ ಮೇಲೆ ಮಲಗಿಸಿ, ಹದಿನಾರನ್ನು ಒಂಟೆಗೇ ವಾಪಸು ಕೊಟ್ಟು, ಒಂದನ್ನು ಅವನ ಕೈಗೆ ಕೊಟ್ಟನಂತೆ. ಅವನಿಗೆ ಅತ್ತೆಮನೆಯಿಂದ ಬಂದು, ಚೆನ್ನಾಗಿಲ್ಲ ಅಂತ ಚೀಲದ ತಳಕ್ಕೆ ಹಾಕಿಕೊಂಡಿದ್ದ ಪಟರ್ ಅದು. ಆಟಗಾರರ ಹುಚ್ಚು ನಿಮಗೆ ತಿಳಿಯದು. ಮೈಗೆ ಕೂಡಿದ ಪಟರ್ ಸಿಕ್ಕಿತೋ, ಅದನ್ನು ಯಾರ ಕೈಗೂ ಕೊಡರು, ಹಾಸಿಗೆಯಲ್ಲಿ ಹೆಂಡತಿಯ ಈಚೆ ಮಲಗಿಸಿಕೊಳ್ಳುತ್ತಿದ್ದರಂತೆ. ಎರಡು ದಿನ ಚೆಂಡು ತಪ್ಪಿತೋ, ಅದೇ ಪಟರನ್ನು ಬಚ್ಚಲ ಒಲೆಗೆ ತುರುಕುತ್ತಿದ್ದರಂತೆ.

ಹೀಗಿರುವಾಗ ಚಂಗಲರಾಯನ ಕೈ ನಡುಗಲು ಶುರುವಾಯಿತು.

ಚಂಗಲರಾಯ ಬೂದಿದಿನ್ನೆಯವನೇ. ಇಪ್ಪತ್ತು ವರ್ಷ ದೊರೆಗಳ ಚೀಲ ಹೊತ್ತವನು. ಒಂಬತ್ತೂ ಕಣದಲ್ಲಿ ಅವರ ಚೆಂಡಿಗೆ ದಾರಿ ಎಳೆದವನು. ದೊರೆಗಳು ಇಲ್ಲದ ಹೊತ್ತಿನಲ್ಲಿ ಮುರುಕು ಕೋಲಿನಲ್ಲಿ ಆಡಿ ಆಡಿ, ದೊರೆಗಳಿಗಿಂತ ಚೆನ್ನಾಗಿ ಆಡುವುದು ಕಲಿತ. ದೊರೆಗಳ ಕ್ಲಬ್ಬಿನ ಗೋಡೆಯ ಮೇಲೆ ಒಂದು ಕರಿಹಲಗೆ ಇತ್ತು. ಅದರ ಮೇಲೆ ಆರೇ ಹೆಸರು. ಆಟವನ್ನೇ ಕಸುಬು ಮಾಡಿಕೊಂಡವರ ಹೆಸರು. ಮೂರು ವರ್ಷದ ಕೆಳಗೆ ಆ ಹಲಗೆಯ ಮೇಲೆ ಚಂಗಲರಾಯನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆದರು. ಅವತ್ತು ಊರಿಗೆ ಊರೇ ಹೋಗಿ ನೋಡಿತಂತೆ. ಓದು ಬಾರದವರು ಅಕ್ಷರ ಮುಟ್ಟಿ ಮುಟ್ಟಿ ನೋಡಿ, ಅವನ ಹೆಸರಿನ ಅರ್ಧ ಬಣ್ಣ ಊರವರ ಬೆರಳಿಗೇ ಅಂಟಿಕೊಂಡು ಬಂತಂತೆ.

ಆದರೆ ಆ ಹಲಗೆಗೆ ಒಂದು ಕಟ್ಟಳೆ ಇತ್ತು. ವರ್ಷಕ್ಕೊಂದು ಪಂದ್ಯ. ಆರು ಜನರಲ್ಲಿ ಕೊನೆಯವನಾಗಿ ಬಂದವನ ಹೆಸರನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸುವುದು. ಹೊರಗಿನವನಾದರೆ ತನ್ನೂರಿಗೆ ಹೋಗುವುದು. ಚೀಲ ಹೊತ್ತು ಮೇಲೆ ಬಂದವನಾದರೆ ಮತ್ತೆ ಚೀಲ ಹೊರುವುದು.

ಚಂಗಲರಾಯನಿಗೆ ಚೆಂಡು ಹಾರಿಸುವುದಕ್ಕೆ ಏನೂ ಆಗಿರಲಿಲ್ಲ. ಕಣದ ಮೇಲೆ, ಮೂರು ಮಾರು ದೂರದ ಕುಳಿಯ ಮುಂದೆ ಪಟರ್ ಹಿಡಿದು ನಿಂತರೆ ಮಾತ್ರ ಬಲಗೈ ಮೊರದಲ್ಲಿ ಕೇರಿದ ಕಾಳಿನ ಹಾಗೆ ಅದುರುತ್ತಿತ್ತು. ಮೊದಲನೇ ವರ್ಷ ನಾಲ್ಕನೆಯವನಾಗಿ ಉಳಿದ. ಎರಡನೇ ವರ್ಷ ಐದನೆಯವನಾಗಿ ಉಳಿದ. ಮೂರನೇ ವರ್ಷದ ಪಂದ್ಯಕ್ಕೆ ಹದಿನೈದು ದಿನ ಇದ್ದಾಗ, ಕ್ಲಬ್ಬಿನ ಕಾರ್ಯದರ್ಶಿ ದೊರೆ ತನ್ನ ಚೀಲವನ್ನು ತಂದು ಜಗಲಿಯ ಕಂಬಕ್ಕೆ ಒರಗಿಸಿದನಂತೆ. ಈ ದೊರೆಗೆ ಗಡಿಯಾರದ ದೊರೆ ಅಂತ ಹೆಸರು. ಯಾರು ಮಾತಾಡಿಸಿದರೂ ಜೇಬಿನಿಂದ ಗಡಿಯಾರ ತೆಗೆದು ನೋಡುತ್ತಿದ್ದ. ಪಂದ್ಯ ಮುಗಿದ ಮೇಲೆ ಈ ಚೀಲ ಚಂಗಲರಾಯನಿಗೆ, ಈಗಲೇ ಎತ್ತಿ ನೋಡಿ ಭಾರ ಅಭ್ಯಾಸ ಮಾಡಿಕೊಳ್ಳಲಿ ಅಂತ ಎಲ್ಲರೆದುರು ಹೇಳಿದನಂತೆ.

ಆವತ್ತೇ ಚಂಗಲರಾಯ ಕುಲುಮೆಗೆ ಬಂದ.

"ಆಚಾರ್ರೇ, ನಡುಗದೇ ಇರೋ ಪಟರ್ ಒಂದು ಮಾಡಿಕೊಡಿ," ಅಂದ.

"ಪಟರ್ ಎಲ್ಲಾದ್ರೂ ನಡುಗುತ್ತೇನೋ? ನಡುಗೋನು ನೀನು."

"ನಾನು ನಡುಗಿದ್ರೂ ಅದು ನಡುಗಬಾರದು, ಅಂಥದ್ದು."

ಮೋನಾಚಾರಿ ನಗಲಿಲ್ಲವಂತೆ. ಬಾಗಿಲು ತೆಗೆಸಿದ. ನಿಂಬೆಹಣ್ಣು ಬಿಟ್ಟ. ಎಲ್ಲ ಸರಿಯಾಗಿಯೇ ಇತ್ತು. ಹಾಗಾದರೆ ಭಾರ ಸಾಲದು ಅಂತ ಗಾಡಿಯ ಚಕ್ರದ ಪಟ್ಟಿ ಕತ್ತರಿಸಿ ಒಂದು ಪಟರ್ ಮಾಡಿದ. ಅದನ್ನು ಎತ್ತಿದರೆ ಕೈ ನಡುಗಲಿಕ್ಕೂ ಪುರುಸೊತ್ತಿರಲಿಲ್ಲ. ಆದರೆ ಚೆಂಡು ಕುಳಿಯನ್ನು ದಾಟಿ, ಕಣವನ್ನೂ ದಾಟಿ, ಯಾರದೋ ಹುರುಳಿ ಹೊಲ ಸೇರಿತಂತೆ. ಎರಡನೆಯದು ಕುರಿ ಕಾಯುವವನ ದೊಣ್ಣೆಯಷ್ಟು ಉದ್ದ, ತುದಿಯನ್ನು ಎದೆಗೆ ಒತ್ತಿ ಹಿಡಿಯುವಂಥದ್ದು. ಅಂಗಳದಲ್ಲಿ ಹತ್ತಕ್ಕೆ ಹತ್ತು ಬಿತ್ತು. ಕ್ಲಬ್ಬಿನ ಕಣಕ್ಕೆ ತಗೊಂಡು ಹೋದರೆ ಜಗಲಿಯ ಮೇಲಿಂದ ಯಾರೋ ಬ್ಯಾ ಅಂತ ಕುರಿಯ ಹಾಗೆ ಕೂಗಿದರಂತೆ. ಮತ್ತೆ ಕೈ ನಡುಗಿತು. ಮೂರನೆಯದಕ್ಕೆ ಅಗಲವಾದ ತಲೆ, ತಲೆಯ ಮೇಲೆ ಕುಳಿಯ ಕಡೆಗೆ ಒಂದು ಬಿಳಿ ಗೆರೆ. ಅದೂ ಅಷ್ಟೇ. ಅಂಗಳದಲ್ಲಿ ಬೀಳುತ್ತಿತ್ತು, ಕಣದಲ್ಲಿ ಬೀಳುತ್ತಿರಲಿಲ್ಲ.

ಪಂದ್ಯಕ್ಕೆ ಮೂರು ದಿನ ಉಳಿಯಿತು. ಚಂಗಲರಾಯ ಕುಲುಮೆಯ ಕಟ್ಟೆಯ ಮೇಲೆ ಕೂತು ಹೇಳಿದನಂತೆ: ಚೀಲ ಹೊರುವುದು ಕಷ್ಟ ಅಲ್ಲ ಆಚಾರ್ರೇ, ಇಪ್ಪತ್ತು ವರ್ಷ ಹೊತ್ತಿದ್ದೇನೆ. ಆದರೆ ನನ್ನ ಹೆಸರು ಮುಟ್ಟಿ ನೋಡಿದ ಬೆರಳುಗಳ ಮುಂದೆ ಹೊರುವುದು ಕಷ್ಟ.

ಮಾರನೇ ದಿನ ಬೆಳಿಗ್ಗೆ ಮೋನಾಚಾರಿಯ ಹೆಂಡತಿ ಬಯ್ಯಮ್ಮ ಅಂಗಳ ಗುಡಿಸುತ್ತಿದ್ದಳು. ಬಯ್ಯಮ್ಮನಿಗೆ ಸೊಂಟ ನೋವು. ಬೆಳಗಾಗುವ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿದ್ದ ಚಂಗಲರಾಯ ಎದ್ದು, "ಕೊಡಕ್ಕಾ ಇಲ್ಲಿ," ಅಂತ ಪೊರಕೆ ಇಸಿದುಕೊಂಡ. ಉದ್ದ ಹಿಡಿಯ ಪೊರಕೆ. ಎಡಗೈ ಕೆಳಗೆ, ಬಲಗೈ ಮೇಲೆ. ಬಾಗಿಲಿಂದ ಶುರುಮಾಡಿ, ಹಿಂದು ಹಿಂದಕ್ಕೆ ನಡೆಯುತ್ತಾ, ಹುಣಸೆಮರದ ಬುಡದ ತನಕ ಒಂದೇ ಸಮನೆ ಗುಡಿಸಿಕೊಂಡು ಬಂದ. ದಾರ ಹಿಡಿದು ಗೆರೆ ಎಳೆದ ಹಾಗಿತ್ತಂತೆ.

ಬಯ್ಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು. ಗಂಡನನ್ನು ಕೂಗಿದಳು.

"ಏನ್ರೀ, ಹನ್ನೆರಡು ದಿನದಿಂದ ನನ್ನ ಇದ್ದಿಲೆಲ್ಲ ಉರಿಸಿ ಮುಗಿಸಿದ್ರಲ್ಲ. ಬಂದು ನೋಡಿ ಇಲ್ಲಿ. ನನ್ನ ಪೊರಕೆ ಹಿಡಿದಾಗ ಈ ಅಪ್ಪನಿಗೆ ಯಾವ ನಡುಕ ಬಂದಿದೆ?"

ಮೋನಾಚಾರಿ ಸುತ್ತಿಗೆ ಕೆಳಗಿಟ್ಟು ಹೊರಗೆ ಬಂದ. ಚಂಗಲರಾಯನ ಕೈ ನೋಡಿದ. ಗೆರೆ ನೋಡಿದ. ಮತ್ತೆ ಕೈ ನೋಡಿದ. ಪೊರಕೆ ಹೀಗೆ ಹಿಡಿಯೋದನ್ನು ಎಲ್ಲಿ ಕಲಿತೆ ಅಂತ ಕೇಳಿದ. ಎಳೆಪಟ್ಟಿ ಎಳೆದದ್ದು ಹೀಗೇ ಅಲ್ಲವೇ, ಇಪ್ಪತ್ತು ವರ್ಷ, ಅಂದ ಚಂಗಲರಾಯ. ಈಗ ಎಳೆಯುವುದಿಲ್ಲವೇ ಅಂತ ಮೋನಾಚಾರಿ ಕೇಳಿದ. ಹಲಗೆಗೆ ಹೆಸರು ಬಂದ ಮೇಲೆ ಎಳೆಪಟ್ಟಿ ಮುಟ್ಟಿದರೆ ಮರ್ಯಾದೆ ಅಲ್ಲ, ಕ್ಲಬ್ಬಿನವರೇ ಒಬ್ಬ ಆಳು ಕೊಟ್ಟಿದ್ದಾರೆ, ಅವನು ಎಳೆಯುವ ತನಕ ನಾನು ಸುಮ್ಮನೆ ನಿಂತಿರುತ್ತೇನೆ ಅಂದ.

ಮೋನಾಚಾರಿಯ ಮುಖ ಕಾಯಿಸಿದ ಸಲಾಕೆಯ ಹಾಗೆ ಕೆಂಪಾಯಿತಂತೆ. ಸಿಕ್ಕಿತು ಅಂದನಂತೆ. ಕೈಗೆ ಬೇಕಾದದ್ದು ಪಟರ್ ಅಲ್ಲ, ಹಿಡಿ! ಇಪ್ಪತ್ತು ವರ್ಷ ಬೆರಳು ಕೂತ ಹಿಡಿ!

ಇಲ್ಲಿ ಮೋನಾಚಾರಿ ಒಂದು ತಪ್ಪು ಮಾಡಿದ. ಕಬ್ಬಿಣ ಬಡಿಯುವವನಿಗೆ ಲೋಕದ ರೋಗಕ್ಕೆಲ್ಲ ಮದ್ದು ಕೈಯಲ್ಲಿ ಹಿಡಿಯುವ ವಸ್ತುವಿನಲ್ಲೇ ಇದೆ ಅನ್ನಿಸುತ್ತದೆ. ಆ ತಪ್ಪನ್ನು ಆಮೇಲೆ ಹೇಳುತ್ತೇನೆ. ಮೊದಲು ಕಳ್ಳತನ.

ಚಂಗಲರಾಯನ ಬೆರಳು ಎಲ್ಲಕ್ಕಿಂತ ಹೆಚ್ಚು ಸವೆಸಿದ ಎಳೆಪಟ್ಟಿ ಒಂಬತ್ತನೇ ಕಣದ ಪಕ್ಕದಲ್ಲಿ ಇತ್ತು. ಪಂದ್ಯದ ಹಿಂದಿನ ದಿನ ಮಟಮಟ ಮಧ್ಯಾಹ್ನ, ದೊರೆಗಳೆಲ್ಲ ಉಂಡು ಮಲಗಿದ್ದಾಗ, ಮೋನಾಚಾರಿ ಅಲ್ಲಿಗೆ ಹೋಗಿ ಅದರ ಹಿಡಿಯನ್ನು ಕಿತ್ತುಕೊಂಡು ಪಂಚೆಯೊಳಗೆ ಇಟ್ಟುಕೊಂಡು ಬಂದನಂತೆ. ಎದೆಮಟ್ಟದ ಹಿಡಿ ಪಂಚೆಯೊಳಗೆ. ದಾರಿಯುದ್ದಕ್ಕೂ ಒಂದು ಕಾಲು ಮಡಿಸಲಾಗದೆ ನಡೆದ. ಎದುರು ಸಿಕ್ಕವರು, ಆಚಾರ್ರೇ ಕಾಲಿಗೆ ಏನಾಯಿತು ಅಂದರೆ, ವಾಯು ಹಿಡಿದಿದೆ ಅಂದನಂತೆ. ಸಂಜೆಯೊಳಗೆ ನಾಲ್ಕು ಮನೆಯವರು ಹರಳೆಣ್ಣೆ ತಂದುಕೊಟ್ಟರಂತೆ.

ಜಾಲಿಮರದ ಹಿಡಿ. ಒನಕೆಯಷ್ಟು ದಪ್ಪ. ಚಂಗಲರಾಯನ ಬೆರಳುಗಳು ಸವೆಸಿದ ಹಳ್ಳ ಅದರ ಮೇಲೆ ಹಾಗೇ ಇತ್ತು. ಅದನ್ನೇ ಕೋಲು ಮಾಡಿ, ಸೊಂಟದ ಮಟ್ಟಕ್ಕೆ ಕತ್ತರಿಸಿ, ತುದಿಗೆ ಮೂರನೇ ಪಟರಿನ ತಲೆಯನ್ನು ಜಡಿದ. ಚಂಗಲರಾಯ ಹಿಡಿದು ನೋಡಿದ. ಎಡಗೈ ಕೆಳಗೆ, ಬಲಗೈ ಮೇಲೆ. ಎಲ್ಲ ಆಟಗಾರರೂ ಹಿಡಿಯುವುದಕ್ಕೆ ತಿರುಗುಮುರುಗು. ಟೊಕ್ ಅಂತು.

ಪಂದ್ಯದ ದಿನ ಗಣಿಗೆ ರಜ ಕೊಟ್ಟರಂತೆ. ದಿನ್ನೆಯ ಸುತ್ತ ಜನವೋ ಜನ. ಚಂಗಲರಾಯ ಬಿಳಿ ಷರಾಯಿ ಹಾಕಿಕೊಂಡು, ಒನಕೆಯಂಥ ಪಟರ್ ಹಿಡಿದು ಬಂದಾಗ ಕ್ಲಬ್ಬಿನ ಜಗಲಿ ನಕ್ಕಿತು. ಪೊರಕೆ ಹಿಡಿದ ಹಾಗೆ ಹಿಡಿದಾಗ ಇನ್ನೂ ನಕ್ಕಿತು. ನಕ್ಕರೂ ಮೊದಲನೇ ಕಣದಲ್ಲಿ ಚೆಂಡು ಬಿತ್ತು. ಎರಡನೆಯದರಲ್ಲೂ ಬಿತ್ತು. ಜನರ ನಡುವೆ ಮೋನಾಚಾರಿ ಬೀಗಿ ಬೀಗಿ ಅವನ ಅಂಗಿಯ ಗುಂಡಿ ಕಿತ್ತುಹೋಯಿತಂತೆ. ಮೂರನೆಯದರಲ್ಲಿ ತಪ್ಪಿತು. ನಾಲ್ಕರಲ್ಲಿ ಬಿತ್ತು. ಐದರಲ್ಲೂ ಆರರಲ್ಲೂ ತಪ್ಪಿತು. ಆಳು ದಾರಿ ಎಳೆಯುವಷ್ಟು ಹೊತ್ತು ಚಂಗಲರಾಯ ನಿಂತಿರಬೇಕಾಗಿತ್ತಲ್ಲ, ಆ ಹೊತ್ತಿನಲ್ಲೇ ನಡುಕ ಅವನ ಭುಜದಿಂದ ಮೆಲ್ಲಗೆ ಇಳಿದು ಕೈಗೆ ಬರುವುದನ್ನು ಬಯ್ಯಮ್ಮ ನೋಡಿದಳಂತೆ. ಗಂಡನ ಪಕ್ಕೆ ತಿವಿದು, "ಹಿಡಿಯಲ್ಲಿ ಇಲ್ಲ ಕಣ್ರೀ, ನಿಂತ್ಕೊಳೋದ್ರಲ್ಲಿದೆ," ಅಂದಳಂತೆ. ಅದೇ ಅವನು ಮಾಡಿದ ತಪ್ಪು. ಪೊರಕೆ ನೋಡಿದ, ಹಿಡಿ ನೋಡಿದ, ಕೈ ನೋಡಿದ. ಆ ಮನುಷ್ಯ ಹಿಂದು ಹಿಂದಕ್ಕೆ ನಡೆದದ್ದನ್ನು ನೋಡಲಿಲ್ಲ.

ಒಂಬತ್ತನೇ ಕಣಕ್ಕೆ ಬರುವ ಹೊತ್ತಿಗೆ ನಾಲ್ಕು ಜನ ಮುಂದೆ ಹೋಗಿ ಆಟ ಮುಗಿಸಿದ್ದರು. ಉಳಿದವರು ಚಂಗಲರಾಯ ಮತ್ತು ಮದರಾಸಿನ ಒಬ್ಬ ಆಟಗಾರ. ಇಬ್ಬರದೂ ಸರಿಸಮ, ಆ ನಾಲ್ವರಿಗಿಂತ ಹಿಂದೆ. ಇಬ್ಬರಲ್ಲಿ ಒಬ್ಬನ ಹೆಸರು ಉಳಿಯಬೇಕು, ಒಬ್ಬನ ಹೆಸರು ಅಳಿಯಬೇಕು.

ಅಲ್ಲಿ ನೋಡಿದರೆ ಎಳೆಪಟ್ಟಿಗೆ ಹಿಡಿಯೇ ಇಲ್ಲ!

ಬರೀ ಕಬ್ಬಿಣದ ಪಟ್ಟಿ ಮರಳಿನ ಮೇಲೆ ಅಂಗಾತ ಬಿದ್ದಿತ್ತು. ಮುಂದೆ ಹೋದವರ ಆಳುಗಳು ಅದನ್ನು ಬಗ್ಗಿ ಬೆರಳಲ್ಲಿ ಹಿಡಿದು ಹೇಗೋ ಎಳೆದಿದ್ದರು. ಕಣದ ತುಂಬ ಎತ್ತು ಉಚ್ಚೆ ಹೊಯ್ದ ಹಾಗೆ ಸೊಟ್ಟಸೊಟ್ಟ ದಾರಿಗಳು. ಗಡಿಯಾರದ ದೊರೆ ಕೆಂಡಾಮಂಡಲವಾಗಿ, ಹಿಡಿ ಕದ್ದವನು ಯಾರು ಅಂತ ಕೂಗಾಡುತ್ತಿದ್ದ. ಮೋನಾಚಾರಿ ಜನರ ಹಿಂದೆ ಕುಕ್ಕರು ಕೂತುಬಿಟ್ಟನಂತೆ. ತನ್ನವನು ಉಳಿಯಲಿ ಅಂತ ಕದ್ದ ಹಿಡಿ ಈಗ ತನ್ನವನ ದಾರಿಯನ್ನೇ ಸೊಟ್ಟ ಮಾಡಿತ್ತು. ಚಂಗಲರಾಯ ತನ್ನ ಕೈಯಲ್ಲಿದ್ದ ಪಟರ್ ನೋಡಿಕೊಂಡ.

ಮದರಾಸಿನವನು ಮೊದಲು. ಅವನ ಆಳು ಬಗ್ಗಿ ಪಟ್ಟಿ ಎಳೆದ. ದಾರಿ ಬಲಕ್ಕೆ ವಾಲಿತು, ಚೆಂಡೂ ಬಲಕ್ಕೆ ವಾಲಿತು. ಎರಡು ಏಟು ಬೇಕಾಯಿತು. ಈಗ ಚಂಗಲರಾಯ ಒಂದೇ ಏಟಿಗೆ ಹಾಕಿದರೆ ಉಳಿದ. ತಪ್ಪಿದರೆ ಮತ್ತೆ ಸರಿಸಮ, ಮತ್ತೆ ಆಟ, ಆ ಕೈಯಲ್ಲಿ ಮತ್ತೆ ಆಡುವುದು ಅಂದರೆ ಸೋತ ಹಾಗೇ. ಕುಳಿ ನಾಲ್ಕು ಮಾರು ದೂರ. ಆಗಲೇ ಬಲಗೈ ಅದುರಲು ಶುರುವಾಗಿತ್ತು. ಅವನ ಆಳು ಪಟ್ಟಿ ಎತ್ತಿಕೊಳ್ಳಲು ಬಗ್ಗಿದ.

"ಬಿಡಪ್ಪ, ನಾನೇ ಎಳ್ಕೊಳ್ತೀನಿ," ಅಂದ ಚಂಗಲರಾಯ.

ಕುಳಿಯ ಹತ್ತಿರ ಹೋದ. ಪಟರನ್ನು ಕಂಕುಳಲ್ಲಿ ಇರುಕಿಕೊಂಡ. ಬಿಳಿ ಷರಾಯಿ ಸಮೇತ ಎಣ್ಣೆಮರಳಿನ ಮೇಲೆ ಮಂಡಿ ಊರಿದ. ಎರಡೂ ಕೈಯಲ್ಲಿ ಪಟ್ಟಿ ಹಿಡಿದು, ಮಂಡಿಯ ಮೇಲೆ ಹಿಂದು ಹಿಂದಕ್ಕೆ ಸರಿಯುತ್ತಾ ಎಳೆಯತೊಡಗಿದ. ಗಡಿಯಾರದ ದೊರೆ ಗಡಿಯಾರ ತೆಗೆದು ನೋಡಿ, ಹೊತ್ತಿಗೆ ಸರಿಯಾಗಿ ಅವನಿಗೆ ಅವನ ಕೆಲಸ ನೆನಪಾಯಿತು ಅಂದ. ಜಗಲಿಯ ಮೇಲೆ ನಗು. ಚಂಗಲರಾಯನಿಗೆ ಅದು ಕೇಳಿಸಿತೋ ಇಲ್ಲವೋ. ಅವನ ಮಂಡಿ ಇಳಿಜಾರು ಕೇಳುತ್ತಿತ್ತು, ಅಂಗೈ ಮರಳಿನ ಬಿಗಿ ಕೇಳುತ್ತಿತ್ತು. ನಾಲ್ಕು ಮಾರು ಎಷ್ಟು ದೂರ ಅಂತ ಮೈಯೇ ಅಳೆದುಕೊಂಡಿತು. ಚೆಂಡಿನ ತನಕ ಬಂದ. ಪಟ್ಟಿ ಬಿಟ್ಟ. ಎದ್ದ. ಎದ್ದ ಕೈಯಲ್ಲೇ, ಎಡಗೈ ಕೆಳಗೆ ಬಲಗೈ ಮೇಲೆ, ನಿಲ್ಲದೆ, ನೋಡದೆ, ಉಸಿರು ಎಳೆದುಕೊಂಡಷ್ಟೇ ಹೊತ್ತಿನಲ್ಲಿ ತಟ್ಟಿದ.

ಟೊಕ್.

ಚೆಂಡು ಆ ದಾರಿಯಲ್ಲಿ ಸರಿಯಾಗಿ ನಡುಮಧ್ಯೆ ಹೋಯಿತಂತೆ. ಹೋಗಿ ಕುಳಿಯ ಅಂಚಿನಲ್ಲಿ ನಿಂತಿತಂತೆ. ನಿಂತು, ಗಣಿಯ ಕೂಗು ಬರುವ ತನಕ ಕಾದು, ಕೂಗಿನ ಅದುರಿಗೆ ಒಳಗೆ ಬಿತ್ತು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಅವತ್ತು ಗಣಿಗೆ ರಜ ಅಲ್ಲವೇ ಅಜ್ಜಿ ಅಂದರೆ, ತಲೆಗೆ ಮೊಟಕುತ್ತಿದ್ದಳು. ಸುಮ್ಮನೆ ಬಿತ್ತು ಅಂತಲೇ ಇಟ್ಟುಕೊಳ್ಳಿ. ಬಿತ್ತು, ಅದರಲ್ಲಿ ಅನುಮಾನ ಇಲ್ಲ. ಮದರಾಸಿನವನ ಹೆಸರು ಒರೆಸಿದರು. ಅವನ ಕಥೆಯನ್ನು ಅವನೂರಿನವರು ಹೇಳಿಕೊಳ್ಳಲಿ. ಕಂಬಕ್ಕೆ ಒರಗಿಸಿದ್ದ ಚೀಲವನ್ನು ಗಡಿಯಾರದ ದೊರೆ ತಾನೇ ಹೊತ್ತುಕೊಂಡು ಮನೆಗೆ ಹೋದ. ಇದೊಂದು ಮಾತ್ರ ನಾನು ಸೇರಿಸಿದ್ದು.

ದೊರೆ ಸಂಜೆ ಆ ಪಟರಿನ ಮರವನ್ನು ನೋಡಿ ಗುರುತು ಹಿಡಿದುಬಿಟ್ಟ. ಚಂಗಲರಾಯ ಬಾಯಿ ತೆರೆಯುವ ಮೊದಲೇ ಮೋನಾಚಾರಿ ಮುಂದೆ ಬಂದು, ಕಿತ್ತವನು ನಾನು ಬುದ್ಧಿ ಅಂದನಂತೆ. ಕಿತ್ತವನೇ ಹೊಸ ಹಿಡಿ ಹಾಕಿಕೊಡಬೇಕು, ನಾಳೆಯೇ ಹಾಕಬೇಕು ಅಂತ ದೊರೆ ಅಪ್ಪಣೆ ಮಾಡಿದ. ಆಗಲಿ ಬುದ್ಧಿ, ನಾಳೆ ಅಂದ ಮೋನಾಚಾರಿ. ಮಾರನೇ ದಿನ ಕೇಳಿದರೆ ಜಾಲಿಮರ ಹಸಿ ಇದೆ, ನಾಳೆ ಅಂದ. ಆಮೇಲೆ ಕೇಳಿದರೆ ಇದ್ದಿಲು ಮುಗಿದಿದೆ, ನಾಳೆ ಅಂದ. ಒಂದೇ ಹಗಲಲ್ಲಿ ಪಟರ್ ಬಡಿಯುತ್ತಿದ್ದ ಮನುಷ್ಯ ಆ ಒಂದು ಹಿಡಿಯನ್ನು ಸಾಯುವ ತನಕ ಹಾಕಲಿಲ್ಲವಂತೆ. ಚೀಲ ಹೊರುವವರೆಲ್ಲ ನಮಗೂ ಸೊಂಟ ಇದೆ, ಬಗ್ಗಿ ಎಳೆಯಲಾಗದು ಅಂತ ಒಟ್ಟಿಗೆ ಕೈ ಕಟ್ಟಿ ನಿಂತರು. ಎಷ್ಟು ದಿನ ಅಂತ ಆಟ ನಿಲ್ಲಿಸುತ್ತಾರೆ? ಒಂಬತ್ತನೇ ಕಣದಲ್ಲಿ ದೊರೆಗಳೇ ಮಂಡಿ ಊರಿದರು. ಮೊದಲು ಬೈದುಕೊಂಡು ಊರಿದರು, ಆಮೇಲೆ ಸುಮ್ಮನೆ ಊರಿದರು. ಮತ್ತೂ ಕೆಲವು ದಿನ ಹೋದ ಮೇಲೆ, ಆ ಕಣದಲ್ಲಿ ಮಾತ್ರ ಚೆಂಡು ಬೀಳುವುದು ಹೆಚ್ಚು ಅಂತ ತಾವೇ ಹೇಳಿಕೊಂಡು ತಿರುಗಿದರಂತೆ.

ಚಂಗಲರಾಯ ಎಷ್ಟೋ ವರ್ಷ ಆಡಿದ. ಹುಲ್ಲಿನ ಊರುಗಳಿಗೂ ಹೋಗಿ ಆಡಿದ. ಅಲ್ಲಿ ಎಳೆಯಲು ಮರಳಿಲ್ಲದಿದ್ದರೂ ಕುಳಿಯಿಂದ ಚೆಂಡಿನ ತನಕ ಹಿಂದು ಹಿಂದಕ್ಕೆ ನಡೆದು ಬಂದೇ ಪಟರ್ ಎತ್ತುತ್ತಿದ್ದನಂತೆ. ಅವನನ್ನು ಉಳಿಸಿದ್ದು ಪಟರ್ ಅಂತ ಊರಲ್ಲಿ ಅರ್ಧ ಜನ, ಮಂಡಿ ಅಂತ ಅರ್ಧ ಜನ. ನನ್ನ ಪೊರಕೆ ಅಂತ ಬಯ್ಯಮ್ಮ ಒಬ್ಬಳು.

ಈಗ ಗಣಿ ಮುಚ್ಚಿದೆ. ಕೂಗು ನಿಂತಿದೆ. ದೊರೆಗಳು ಹೋದರು, ಕ್ಲಬ್ಬಿನ ಹೆಂಚು ಹೋಯಿತು, ಹೆಸರಿನ ಹಲಗೆ ಯಾರದೋ ಕೊಟ್ಟಿಗೆಯ ಬಾಗಿಲಾಯಿತು. ಎಂಟು ಕಣಗಳ ಮೇಲೆ ಲಂಟಾನ ಬೆಳೆದಿದೆ. ಒಂಬತ್ತನೆಯದನ್ನು ಮಾತ್ರ ಊರವರು ಬಿಟ್ಟುಕೊಟ್ಟಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಟ್ರ್ಯಾಕ್ಟರಿನಿಂದ ತೆಗೆದ ಹಳೇ ಎಣ್ಣೆಯನ್ನು ತಂದು ಆ ಮರಳಿಗೆ ಕಲಸುತ್ತಾರೆ. ಪಟ್ಟಿ ಅಲ್ಲೇ ಇದೆ, ಹಿಡಿಯಿಲ್ಲದೆ.

ಬೂದಿದಿನ್ನೆಯಲ್ಲಿ ಯಾರಿಗಾದರೂ ಕೈ ನಡುಗುವ ಕೆಲಸ ಇದ್ದರೆ, ನಾಳೆ ಪರೀಕ್ಷೆಯೋ, ನಾಳೆ ಹೆಣ್ಣು ನೋಡುವುದೋ, ನಾಳೆ ಆಸ್ಪತ್ರೆಯಲ್ಲಿ ಆಪರೇಶನ್ನೋ, ಹಿಂದಿನ ಸಂಜೆ ಒಬ್ಬರೇ ದಿನ್ನೆ ಹತ್ತುತ್ತಾರೆ. ಮಂಡಿ ಊರಿ, ಕುಳಿಯಿಂದ ಅಂಚಿನ ತನಕ ಒಂದು ದಾರಿ ಎಳೆದು ಇಳಿದು ಬರುತ್ತಾರೆ. ಒಬ್ಬರಿಗಾಗಿ ಇನ್ನೊಬ್ಬರು ಎಳೆಯುವ ಹಾಗಿಲ್ಲ. ತಾಯಿ ಮಗನಿಗಾಗಿ ಎಳೆಯುವ ಹಾಗೂ ಇಲ್ಲ. ಮಂಡಿ ಕಪ್ಪು ಮಾಡಿಕೊಂಡು ಮನೆಗೆ ಬಂದವರನ್ನು ಆ ಊರಲ್ಲಿ ಎಲ್ಲಿಗೆ ಹೋಗಿದ್ದೆ ಅಂತ ಯಾರೂ ಕೇಳುವುದಿಲ್ಲ. ಮನೆಯವರು ಬಚ್ಚಲಲ್ಲಿ ಒಂದು ಚೆಂಬು ಬಿಸಿನೀರು, ಒಂದು ಚೂರು ಸೀಗೆಪುಡಿ ಇಟ್ಟು, ಒಳಗೆ ಹೋಗಿ ತಟ್ಟೆ ಹಾಕುತ್ತಾರೆ.